ಮರದ ಮೇಲೆ ಬರೆದ ‘ಬೇಡ’

ನನ್ನ ಅಕ್ಷರ ಮುದ್ದಾಗಿದೆ ಎಂದು ಹೇಳುವ ನಾಲ್ಕು ಜನ ಇದ್ದಾರೆ. ಆ ನಾಲ್ವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದೊಂದು ತಲೆಕಟ್ಟನ್ನೂ ಮದುವೆ ಗಂಡಿಗೆ ಪೇಟ ಸುತ್ತಿದಷ್ಟು ಶ್ರದ್ಧೆಯಿಂದ ಬರೆಯುವವನು ನಾನು. ಈ ಅಕ್ಷರದಿಂದಲೇ ನನಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಈ ಅಕ್ಷರದಿಂದಲೇ ನಾನು ಒಂದು ನೇರಳೆ ಮರವನ್ನು ಉರುಳಿಸಿದೆ. ಇನ್ನೊಂದು ಮರವನ್ನೂ ಅದರೊಳಗಿದ್ದ ಸಂಸಾರವನ್ನೂ ಉರುಳಿಸುವುದರಲ್ಲಿದ್ದೆ. ಹತ್ತು ವರ್ಷ ಈ ಸಂಗತಿಯನ್ನು ಆ ಊರಿನಾಚೆ ಯಾರ ಮುಂದೆಯೂ ಬಾಯಿಬಿಡದೆ ಇದ್ದವನು, ಈಗ ಶಿವಮೊಗ್ಗೆಯ ಬಾಡಿಗೆ ಮನೆಯಲ್ಲಿ ಎರಡು ತುಳಸಿ ಕುಂಡ ಬಿಟ್ಟರೆ ಬೇರೆ ಹಸಿರಿಲ್ಲದೆ ಕೂತಿರುವಾಗ, ನಿಮಗೆ ಹೇಳಿಬಿಡೋಣ ಅನ್ನಿಸಿದೆ.

ತಪ್ಪು ಅಕ್ಷರದ್ದಲ್ಲ, ಪದದ್ದು. ‘ಬೇಡ’ ಎಂಬ ಪದ. ನೋಡಲು ಬಡಪಾಯಿ, ಎರಡೇ ಅಕ್ಷರ. ಆದರೆ ಇದರಷ್ಟು ಮಾತಿಗೆ ತಪ್ಪುವ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ನಮ್ಮ ಕಡೆ ಊಟಕ್ಕೆ ಕೂತವನು ಎಲೆಗೆ ಅಡ್ಡ ಕೈ ಹಿಡಿದು “ಬೇಡ ಬೇಡ” ಎಂದರೆ ಇನ್ನೊಂದು ಹೋಳಿಗೆ ಹಾಕಿ ಎಂದು ಅರ್ಥ. ಮಗು “ಬೇಡ” ಎಂದರೆ ಅದು ಬೇಡ, ಇನ್ನೊಂದು ಬೇಕು ಎಂದು ಅರ್ಥ. ಬೀಗರು “ಅಯ್ಯೋ, ನಮಗೇನೂ ಬೇಡ” ಎಂದರೆ ಹೆಣ್ಣಿನ ತಂದೆ ಒಂದು ವಾರ ನಿದ್ದೆಗೆಡುತ್ತಾನೆ. ನಿಘಂಟಿಗೆ ಹೋದರೆ ಬೇಟೆಯಾಡುವವನೂ ಬೇಡನೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಅದನ್ನು ನಂಬಿದೆ, ಅದೂ ಸುಣ್ಣದ ನೀರಿನಲ್ಲಿ ಬರೆದು ನಂಬಿದೆ.

ಆಗ ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದೇ ಅಚ್ಚಿನ ಹೆಂಚಿನ ಮನೆಗಳ ಸಾಲು, ಹಿತ್ತಿಲಿಗೊಂದು ಮುಳ್ಳುತಂತಿ ಬೇಲಿ, ಬೇಲಿಯಾಚೆ ಓಣಿ, ಓಣಿಯ ತುಂಬ ಮರ. ಹೊಸದಾಗಿ ಮದುವೆಯಾದವರಿಗೆ ಮನೆ ಚಿಕ್ಕದೆನಿಸಬಹುದು. ನಮಗೆ ಮಾತ್ರ ಹಿತ್ತಿಲು ಸೇರಿಸಿ ಲೆಕ್ಕ ಹಾಕಿದರೆ ಅರಮನೆಯೇ. ಅದರಲ್ಲಿ ನಮ್ಮ ಪಾಲು ಕಡಿಮೆ ಎಂಬುದು ಬೇರೆ ವಿಷಯ. ನಾನು ಹಾಕಿದ ಬಸಳೆ ಚಪ್ಪರವನ್ನು ಬಸವನಹುಳುಗಳು ಮೇಯುತ್ತಿದ್ದವು. ಪಪ್ಪಾಯಿ ಹಣ್ಣಾಯಿತೆಂದು ನಮಗಿಂತ ಒಂದು ದಿನ ಮೊದಲು ಅಳಿಲುಗಳಿಗೆ ಗೊತ್ತಾಗುತ್ತಿತ್ತು. ಸೌದೆ ರಾಶಿಯ ಕೆಳಗೆ ಒಂದು ಉಡ ಇತ್ತು. ಅದು ವಾರಕ್ಕೊಮ್ಮೆ ಬಂದು ಇಡೀ ಹಿತ್ತಿಲನ್ನು ನಮ್ಮ ಸಾಹೇಬರು ಆಫೀಸು ಸುತ್ತುವ ಗತ್ತಿನಲ್ಲಿ ಸುತ್ತಿ ಹೋಗುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗದ ನಡುವೆ ಸೂರಕ್ಕಿಯೊಂದು ಗೂಡು ನೇತುಹಾಕಿದಾಗ ನನ್ನ ಹೆಂಡತಿ ಶಾರದೆ ಆ ಹಗ್ಗವನ್ನು ಅದಕ್ಕೇ ಬಿಟ್ಟುಕೊಟ್ಟು, ಒಂದೂವರೆ ತಿಂಗಳು ನನ್ನ ಪಂಚೆಗಳನ್ನು ಬೇಲಿಯ ಮುಳ್ಳಿಗೆ ಹರವಿದಳು. ಆ ಕಾಲದ ನನ್ನ ಪಂಚೆಗಳಲ್ಲಿ ಕಾಣುವ ತೂತುಗಳಿಗೆ ಇತಿಹಾಸ ಇದು.

ಇತಿಹಾಸ ಎಂದಾಗ ನೆನಪಾಯಿತು. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂದು ಹೆಸರಿತ್ತು. ಕಬ್ಬಿಣ ಕರಗಿಸುವ ಕುಲುಮೆ ಬರುವುದಕ್ಕೆ ಎಷ್ಟೋ ಮುಂಚೆಯೇ ಊರಿಗೆ ಬೆಂಕಿಯ ಹೆಸರು ಹೇಗೆ ಬಂತು ಎಂದು ನಾನು ಹಲವರನ್ನು ಕೇಳಿದ್ದೇನೆ. ಒಬ್ಬೊಬ್ಬರೂ ಒಂದೊಂದು ಕತೆ ಹೇಳಿದರು, ಎಲ್ಲರೂ ತಮ್ಮದೇ ನಿಜ ಎಂದರು. ವಿಚಿತ್ರವೆಂದರೆ, ಹೆಸರು ಬದಲಾಗಿ ನದಿಯ ಹೆಸರು ಬಂದ ಮೇಲೆ ಊರಿಗೆ ನಿಜವಾದ ಬೆಂಕಿ ಬಂತು. ಮೊದಮೊದಲು ಆ ಕುಲುಮೆ ಉರಿದದ್ದು ಮರದ ಇದ್ದಿಲಿನಿಂದ. ಸುತ್ತಲಿನ ಕಾಡು ಗಾಡಿಗಾಡಿಯಾಗಿ ಬಂದು ಅದರ ಬಾಯಿಗೆ ಬಿತ್ತು. ನಾವು ಉಂಡದ್ದು ಆ ಕಾಡಿನ ಅನ್ನ. ಹಾಗಿರುವಾಗ ಹಿತ್ತಿಲಿನ ನಾಲ್ಕು ಮರದ ಬಗ್ಗೆ ಕರುಣೆಯ ಮಾತಾಡಲು ನಾಚಿಕೆಯಾಗುತ್ತದೆ, ನಿಜ. ಆದರೂ ಆಡುತ್ತೇನೆ, ಉಳಿದದ್ದು ಅವು ನಾಲ್ಕೇ ನೋಡಿ.

ನಮ್ಮ ಹಿಂದಿನ ಓಣಿ ನೆಟ್ಟಗೆ ಬಂದು ಒಂದು ಕಡೆ ಸುಮ್ಮನೆ ಸೊಟ್ಟಗಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಸೊಟ್ಟಗಾದ ಕಡೆ ಒಂದು ತಾರೆ ಮರ. ಕಾಲೋನಿ ಕಟ್ಟುವ ಮೊದಲಿನದು. ಅಳಲೆಕಾಯಿ, ನೆಲ್ಲಿಕಾಯಿ ಜೊತೆಗೆ ಪುಡಿಯಾಗಿ ನಮ್ಮ ಹೊಟ್ಟೆ ಸರಿಮಾಡುವ ತಾರೆಕಾಯಿಯ ಮರ. ನಮ್ಮ ಅಜ್ಜ ಅದೇ ಕಾಯನ್ನು ತುಕ್ಕು ಹಿಡಿದ ಮೊಳೆಯ ಜೊತೆ ಕುದಿಸಿ ಮಸಿ ಮಾಡುತ್ತಿದ್ದರು. ಗುಮಾಸ್ತನಾದವನು ಕೈ ಮುಗಿಯಬೇಕಾದ ಮರ. ಓಣಿಯ ನಕ್ಷೆ ಎಳೆದವನು ಯಾರೋ ಏನೋ, ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತಾ ಬಂದವನು ಈ ಮರದ ಹತ್ತಿರ ಅಡಿಪಟ್ಟಿಯನ್ನು ಎತ್ತಿ ಬದಿಗಿಟ್ಟು, ಕೈಯಲ್ಲೇ ಒಂದು ಬಳಸು ಎಳೆದಿದ್ದಾನೆ. ಮರ ಬೀಳಿಸುವುದು ಅವನಿಗೆ ಒಂದು ಸಹಿಯ ಕೆಲಸವಾಗಿತ್ತು. ಆ ಸೊಟ್ಟ ಓಣಿಯಲ್ಲಿ ಸೈಕಲ್ಲಿನಿಂದ ಎರಡು ಸಲ ಬಿದ್ದಿದ್ದರೂ ನಾನು ಅವನನ್ನು ಇವತ್ತಿಗೂ ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ಆ ಮರದ ಎದುರು, ಅಂದರೆ ನಮ್ಮ ಪಕ್ಕದ ಮನೆಯಲ್ಲಿ, ಗಂಗಮ್ಮ ಇದ್ದರು. ಅವರ ಯಜಮಾನರು ಕುಲುಮೆಯಲ್ಲಿ ಫಿಟ್ಟರ್. ಮಗಳು ಮಂಗಳಾಳನ್ನು ಮಲವಗೊಪ್ಪಕ್ಕೆ ಕೊಟ್ಟಿದ್ದರು. ಆ ವರ್ಷ ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹಿಂದಿನ ಸಲವೂ ಬಂದಿದ್ದಳು. ಆ ಮಗು ಉಳಿಯಲಿಲ್ಲ. ಹನ್ನೊಂದು ದಿನ ಇದ್ದು ಹೋಯಿತು. ಅದಾದ ಮೇಲೆ ಆ ಹುಡುಗಿ ನಗುವುದನ್ನು ಮರೆತಿದ್ದಳು ಎಂದರೆ ಕತೆಯ ಮಾತಾಗುತ್ತದೆ. ನಗುತ್ತಿದ್ದಳು, ಆದರೆ ನಕ್ಕ ಮೇಲೆ ಯಾರಾದರೂ ಬೈಯುತ್ತಾರೇನೋ ಎಂಬಂತೆ ಸುತ್ತ ನೋಡುತ್ತಿದ್ದಳು. ಈ ಸಲ ಹೆಣ್ಣುಮಗು, ಚೆನ್ನಾಗಿಯೇ ಇತ್ತು. ಆದರೆ ಹನ್ನೊಂದು ದಿನ ದಾಟಿದರೂ ಅವಳ ಹೆದರಿಕೆ ಹೋಗಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಸಾಮ್ರಾಣಿ ಹೊಗೆಯ ಕೋಣೆಯಲ್ಲಿ ಮಗುವಿನ ಉಸಿರು ನೋಡುತ್ತಾ ಕೂತಿರುತ್ತಿದ್ದಳು. ಅವಳ ಕಣ್ಣಿಗಿದ್ದ ಇನ್ನೊಂದು ಕೆಲಸವೆಂದರೆ ಅಂಗೈಯಗಲದ ಕಿಟಕಿ. ಕಿಟಕಿಯಾಚೆ ತಾರೆ ಮರ.

ಅಲ್ಲಿ ಅವಳಿಗೆ ಮಂಗಟ್ಟೆ ಹಕ್ಕಿ ಕಂಡಿತು. ದೊಡ್ಡ ಬಾಗಿದ ಕೊಕ್ಕು, ಬೂದು ಮೈ, ಕೂಗಿದರೆ ಯಾರೋ ಗಹಗಹಿಸಿ ನಕ್ಕಂತೆ. ಕಾಂಡದ ಮೇಲ್ಭಾಗದಲ್ಲಿ ಒಂದು ಪೊಟರೆ ಇತ್ತು. ಹೆಣ್ಣು ಅದರೊಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಪೊಟರೆಯ ಬಾಯಿ ದಿನದಿನಕ್ಕೆ ಮುಚ್ಚುತ್ತಾ ಬಂದು ಕೊನೆಗೆ ಒಂದು ಸೀಳು ಮಾತ್ರ ಉಳಿಯಿತು. ಗಂಡು ಹಗಲೆಲ್ಲ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತಿತ್ತು. “ಇದೇನು ಅಂತ ಸ್ವಲ್ಪ ಓದಿ ಹೇಳಿ” ಎಂದು ಗಂಗಮ್ಮ ಕೇಳಿದ್ದರಿಂದ ನಾನು ವಾಚನಾಲಯಕ್ಕೆ ಹೋಗಿ ಒಂದು ದಪ್ಪ ಪುಸ್ತಕ ತಿರುವಿ ಬಂದೆ. ಹೆಣ್ಣು ತನ್ನನ್ನು ತಾನೇ ಗೋಡೆ ಕಟ್ಟಿ ಒಳಗೆ ಹಾಕಿಕೊಳ್ಳುತ್ತದೆ, ಒಳಗೆ ಕೂತು ರೆಕ್ಕೆಯ ಗರಿಗಳನ್ನು ಉದುರಿಸಿಕೊಳ್ಳುತ್ತದೆ, ಹಾರಲಾರದು, ಮೊಟ್ಟೆಯೊಡೆದು ಮರಿ ದೊಡ್ಡದಾಗುವವರೆಗೆ ಗಂಡನೇ ಗತಿ, ಗಂಡು ಬಾರದಿದ್ದರೆ ಒಳಗಿನವರು ಉಳಿಯುವುದಿಲ್ಲ ಎಂದು ವಿವರಿಸಿದೆ. ಗೋಡೆ ಕಟ್ಟಲು ಬಳಸುವ ಗಾರೆ ತನ್ನದೇ ಹಿಕ್ಕೆ ಎಂಬುದನ್ನು ಹೆಂಗಸರ ಮುಂದೆ ಹೇಳಲಿಲ್ಲ.

ಗಂಗಮ್ಮ ನನ್ನ ಪಾಂಡಿತ್ಯವನ್ನೆಲ್ಲ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು. “ಬಾಣಂತಿ ಅನ್ನಿ ಮತ್ತೆ. ಅಷ್ಟಕ್ಕೆ ಪುಸ್ತಕ ಯಾಕ್ರೀ ಬೇಕಿತ್ತು?”

ಅಂದಿನಿಂದ ನಮ್ಮ ಸಾಲಿನಲ್ಲಿ ಇಬ್ಬರು ಬಾಣಂತಿಯರಾದರು. ಮೆಣಸಿನ ಸಾರು ಕೊಡಲು ಬಂದವರು ಒಳಗಿನವಳನ್ನು ವಿಚಾರಿಸಿ, ಹಿತ್ತಿಲಿಗೆ ಬಂದು ಮರದವಳನ್ನೂ ವಿಚಾರಿಸಿ ಹೋಗುತ್ತಿದ್ದರು. ಗಂಗಮ್ಮ ಬೇಲಿಯ ಕಂಬದ ಮೇಲೆ ಒಂದೊಂದು ಬಾಳೆಹಣ್ಣು ಇಡುತ್ತಿದ್ದರು. ಅದನ್ನು ನಮ್ಮ ಪಪ್ಪಾಯಿಯ ಅಳಿಲುಗಳೇ ತಿಂದವು. ಒಂದು ದಿನ ಗಂಡು ಹಕ್ಕಿ ಒದ್ದಾಡುತ್ತಿದ್ದ ಓತಿಕ್ಯಾತವನ್ನು ಕಚ್ಚಿಕೊಂಡು ಬಂದಿತು. ದಿನಾ ವಿಭೂತಿ ಇಟ್ಟು ಲಿಂಗಪೂಜೆ ಮಾಡದೆ ನೀರು ಮುಟ್ಟದ ಗಂಗಮ್ಮ “ಶಿವಶಿವಾ, ಬಾಣಂತಿಗೆ ಕೊಡೋ ವಸ್ತುವೇನೋ ಇದು!” ಎಂದು ಅದಕ್ಕೆ ಬೈದರು. ಮಂಗಳಾ ಕಿಟಕಿಯ ಒಳಗಿನಿಂದ ಜೋರಾಗಿ ನಕ್ಕಳು. ನಕ್ಕ ಮೇಲೆ ಸುತ್ತ ನೋಡಲಿಲ್ಲ ಎಂದು ಶಾರದೆ ಆ ಸಂಜೆ ನನಗೆ ಎರಡು ಸಲ ಹೇಳಿದಳು. ಕಾರ್ಖಾನೆಯ ಒಂದು ಕೂಗಿನಿಂದ ಇನ್ನೊಂದು ಕೂಗಿನೊಳಗೆ ಗಂಡು ಎಷ್ಟು ಸಲ ಬಂತೆಂದು ಮಂಗಳಾ ಎಣಿಸುತ್ತಿದ್ದಳು. “ಅದ್ರ ಮರಿ ಉಳಿದ್ರೆ ನಮ್ಮದೂ ಉಳಿಯತ್ತೆ ಅಂತ ಅಂದ್ಕೊಂಡ್‌ಬಿಟ್ಟಿದಾಳೆ, ಏನ್ ಮಾಡ್ಲಿ?” ಎಂದು ಗಂಗಮ್ಮ ಶಾರದೆಯ ಹತ್ತಿರ ಕಣ್ಣೀರು ಹಾಕಿದ್ದರು. ಬುದ್ಧಿವಂತರು ಇದನ್ನು ಮೂಢನಂಬಿಕೆ ಎನ್ನಬಹುದು. ಆ ಬುದ್ಧಿವಂತರಿಗೆ ಹನ್ನೊಂದು ದಿನದ ಮಗು ಹೋಗಿರಲಿಕ್ಕಿಲ್ಲ.

ಹೀಗಿರುವಾಗ ಓಣಿಯಲ್ಲಿ ಹೊಸ ವಿದ್ಯುತ್ ತಂತಿ ಎಳೆಯುವ ಕೆಲಸ ಬಂತು. ತಂತಿಗೆ ಅಡ್ಡ ಬರುವ ಕೆಲವು ಮರ ತೆಗೆಯಬೇಕು, ಉಳಿದವನ್ನು ಮುಟ್ಟಬಾರದು. ಯಾವುವು ಯಾವುವು ಎಂದು ಪಟ್ಟಿ ಮಾಡಿದವನು ನಾನು. ತಾರೆಯೂ ಅದರ ಪಕ್ಕದ ನೇರಳೆಯೂ ಉಳಿಯುವ ಪಟ್ಟಿಯಲ್ಲಿದ್ದವು. ಇನ್ನು ಮರಗಳ ಮೇಲೆ ಗುರುತು ಹಾಕಬೇಕಾಗಿತ್ತು. ಮರ ಕಡಿಯುವವರಲ್ಲಿ ಇದಕ್ಕೊಂದು ಪದ್ಧತಿ ಇದೆ. ಇದ್ದಿಲಿನ ಕಾಲದಿಂದಲೂ ಇದೆ: ಗುರುತು ಬಿದ್ದ ಮರ ಕಡಿಯುವ ಮರ. ಒಂದು ಗೀಟು ಸಾಕು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನು ಗೀಟು ಹಾಕುವ ಮನುಷ್ಯನಲ್ಲ. ಕನ್ನಡ ನಾಡು ಒಂದಾಗಿ ಆಗಿನ್ನೂ ಎರಡು ಮೂರು ವರ್ಷ, ಎದೆಯಲ್ಲಿ ಅಭಿಮಾನ ತುಂಬಿ ತುಳುಕುತ್ತಿತ್ತು. ಮರಕ್ಕೂ ಕನ್ನಡದಲ್ಲೇ ತಿಳಿಸೋಣ, ಕಡಿಯುವ ಮರದ ಮೈ ಯಾಕೆ ಸುಮ್ಮನೆ ಬಳಿಯುವುದು, ಉಳಿಸುವ ಮರಗಳ ಮೇಲೆ ‘ಕಡಿಯಬೇಡಿ’ ಎಂದು ಬರೆದರೆ ಮುಗಿಯಿತು ಎಂದು ತೀರ್ಮಾನಿಸಿ, ಸುಣ್ಣದ ಡಬ್ಬಿ, ತೆಂಗಿನ ನಾರಿನ ಕುಂಚ ಹಿಡಿದು ಹೊರಟೆ.

ಮರದ ತೊಗಟೆಯ ಮೇಲೆ ಬರೆದು ನೋಡಿದ್ದೀರಾ? ಇಳಿಜಾರು, ಬಿರುಕು, ಇರುವೆ. ಒಂದು ‘ಕ’ ಬರೆಯುವುದರೊಳಗೆ ಸುಣ್ಣ ಮೊಳಕೈಗೆ ಇಳಿಯುತ್ತದೆ. ಮೊದಲನೇ ಮರದಲ್ಲಿ ಐದಕ್ಷರವೂ ಸೊಟ್ಟಗಾದವು. ಸೊಟ್ಟ ಅಕ್ಷರವನ್ನು ಲೋಕಕ್ಕೆ ಬಿಟ್ಟುಹೋಗುವುದು ನನ್ನಿಂದಾಗದ ಕೆಲಸ. ಅಳಿಸಿದೆ. ಐದರ ಬದಲು ಎರಡೇ ಅಕ್ಷರ ಬರೆದರೆ ದುಂಡಗೆ ಬರುತ್ತವೆ, ಸುಣ್ಣವೂ ಉಳಿಯುತ್ತದೆ, ಅರ್ಥವಂತೂ ಸ್ಪಷ್ಟವೇ ಇದೆ ಎನಿಸಿತು. ಹಾಗೆ ‘ಬೇಡ’ ಎಂದು ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ನೇರಳೆ ಮರದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನಾನೇ ಮೆಚ್ಚಿಕೊಂಡೆ. ಶಾರದೆಯನ್ನು ಕರೆದು ತೋರಿಸಿದೆ. ಅವಳು ಬೇಲಿಯ ಹತ್ತಿರ ಬಂದು ನೋಡಿ “ಯಾರಿಗೆ ಬೇಡ?” ಎಂದಳು. ಹೆಂಗಸರಿಗೆ ಆಡಳಿತದ ಭಾಷೆ ತಿಳಿಯುವುದಿಲ್ಲ ಎಂದುಕೊಂಡು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿನಲ್ಲಿ ಕೂತು ಯಾವುದೋ ಪತ್ರಕ್ಕೆ ತಲೆಬರಹ ಬರೆಯುತ್ತಿದ್ದೆ. ಓಣಿಯ ಕಡೆಯಿಂದ ಮರ ಬಿದ್ದ ಸದ್ದು ಬಂತು. ಕೆಲಸ ಚುರುಕಾಗಿ ಸಾಗಿದೆ ಎಂದು ಸಂತೋಷವೇ ಆಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗಂಗಮ್ಮ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆ ಆಫೀಸಿನ ಹೊಸಿಲಿಗೆ ಹೆಂಗಸೊಬ್ಬಳು ಬಂದದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

“ರೈಟ್ರೇ, ಎದ್ದು ಬನ್ನಿ. ನೀವು ಬರ್ದಿದ್ದನ್ನ ಓದ್ಕೊಂಡು ನೇರಳೆ ಮರ ಕೆಡವಿದ್ರು. ಈಗ ತಾರೆ ಮರಕ್ಕೆ ಕೊಡಲಿ ತಗೊಂಡು ನಿಂತಿದಾರೆ. ನಾನು ಹೇಳಿದ್ರೆ ಕೇಳಲ್ಲ. ಬನ್ನಿ ಮಾರಾಯ್ರೇ!”

ಓಡಿದೆ. ಗುಮಾಸ್ತನ ಓಟ ಹೇಗಿರುತ್ತದೆಂದು ಆ ದಿನ ಇಡೀ ಕಾಲೋನಿ ನೋಡಿತು. ಓಡುತ್ತಾ ಒಂದೇ ಯೋಚನೆ ತಲೆಯಲ್ಲಿ: ಆ ಪೊಟರೆಯೊಳಗಿನದಕ್ಕೆ ಹಾರಲು ಗರಿ ಇಲ್ಲ. ಮರ ಬಿದ್ದರೆ ಅದು ಒಳಗೇ ಸಾಯುತ್ತದೆ, ಮಂಗಳಾ ಅದನ್ನು ಕಿಟಕಿಯಲ್ಲಿ ನೋಡುತ್ತಾಳೆ, ಬರೆದವನು ನಾನು.

ಓಣಿಗೆ ತಿರುಗಿದಾಗ ಮೊದಲು ಕಂಡದ್ದು ಆಕಾಶ. ನೇರಳೆ ಇದ್ದ ಕಡೆ ಅಷ್ಟು ಆಕಾಶ ಇರಬಾರದಾಗಿತ್ತು. ಮರ ಅಡ್ಡ ಬಿದ್ದಿತ್ತು. ಕಾಂಡದ ಮೇಲೆ ನನ್ನ ‘ಬೇಡ’ ಒಂದಿಷ್ಟೂ ಅಳಿಸದೆ ಮೇಲ್ಮುಖವಾಗಿ ಹೊಳೆಯುತ್ತಿತ್ತು. ಅದರಾಚೆ ತಾರೆ ಮರ ಇನ್ನೂ ನಿಂತಿತ್ತು. ಅದರ ಬುಡದಲ್ಲಿ ಮಂಗಳಾ ನಿಂತಿದ್ದಳು.

ಅದು ಎಂಥ ಅಚಾತುರ್ಯವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಹಸಿ ಬಾಣಂತಿ, ಬಯಲಿಗೆ, ಗಾಳಿಗೆ, ಬರಿಗಾಲಲ್ಲಿ! ತಲೆಯ ಬಟ್ಟೆ ಅರ್ಧ ಬಿಚ್ಚಿತ್ತು. ಮಗುವನ್ನು ಶಾರದೆಯ ಕೈಗೆ ಬೇಲಿಯ ಮೇಲಿಂದಲೇ ಕೊಟ್ಟು ಬಂದಿದ್ದಳಂತೆ. ಬೆನ್ನನ್ನು ಕಾಂಡಕ್ಕೆ ಒತ್ತಿ ಎರಡೂ ಕೈಗಳನ್ನು ಹಿಂದಕ್ಕೆ ಮಾಡಿ ಮರವನ್ನು ಹಿಡಿದಿದ್ದಳು. ಮೂರು ಮಾರು ದೂರದಲ್ಲಿ ಮೇಸ್ತ್ರಿ ಯಲ್ಲಯ್ಯ ಕೊಡಲಿಯನ್ನು ನೆಲಕ್ಕೆ ಇಳಿಸಿ ನಿಂತಿದ್ದ. ಅವನ ಹಿಂದೆ ಅವನ ಆಳುಗಳು. ಯಲ್ಲಯ್ಯ ಆಂಧ್ರದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಕನ್ನಡ ಅಕ್ಷರ ತೆಲುಗಿಗೆ ಹತ್ತಿರವಾದ್ದರಿಂದ ಓದಬಲ್ಲವನಾಗಿದ್ದ. ಅವನ ಗ್ರಹಚಾರ, ನನ್ನ ಗ್ರಹಚಾರ.

“ನೀವೇ ಕದಾ ಸಾರ್ ಬರ್ದಿದ್ದು, ಬೇಡ ಅಂತ?” ಎಂದ. ಗದರಿಕೆ ಇರಲಿಲ್ಲ, ನಿಜವಾದ ಗೊಂದಲ. “ಆಫೀಸಿಗೆ ಬೇಡ, ತೆಗ್ದಾಕು ಅಂತ ತಿಳ್ಕೊಂಡೆ.”

“ಕಡೀಬೇಡ ಅಂತ ಮಾರಾಯ!”

“ಮತ್ತೆ ಆ ‘ಕಡಿ’ ಎಲ್ಲಿ ಸಾರ್?”

ನಾನು ಏನು ಹೇಳಲಿ? ಸುಣ್ಣ ಉಳಿಸಿದೆ ಎನ್ನಲೇ? ಅಕ್ಷರ ದುಂಡಗೆ ಬರಲಿ ಎಂದು ಅರ್ಥವನ್ನು ಕತ್ತರಿಸಿದೆ ಎನ್ನಲೇ? ಆಮೇಲೆ ಈ ಬಗ್ಗೆ ತುಂಬ ಯೋಚಿಸಿದ್ದೇನೆ. ನಮ್ಮ ಭಾಷೆಯಲ್ಲಿ ಕಡಿಯುವುದು ಮೊದಲು ಬರುತ್ತದೆ, ಬೇಡವೆನ್ನುವುದು ಕೊನೆಗೆ ಬರುತ್ತದೆ. ‘ಕಡಿಯ’ ಎನ್ನುವಷ್ಟರಲ್ಲಿ ಕೊಡಲಿ ಎದ್ದಿರುತ್ತದೆ, ‘ಬೇಡ’ ಎನ್ನುವಷ್ಟರಲ್ಲಿ ಅದು ಇಳಿಯಬಾರದಷ್ಟೆ. ನಾನಂತೂ ಆ ಮೊದಲನೆಯದನ್ನು ನುಂಗಿಹಾಕಿ, ಕಡೆಯದನ್ನು ಮಾತ್ರ ಮರದ ಕೊರಳಿಗೆ ಕಟ್ಟಿದ್ದೆ. ಇಂಥ ವ್ಯಾಕರಣ ಆಗ ಹೊಳೆಯಲಿಲ್ಲ. “ತಪ್ಪು ನಂದು” ಎಂದೆ. ಅದೊಂದು ವಾಕ್ಯವನ್ನಾದರೂ ಪೂರ್ತಿ ಹೇಳಿದೆ.

ಅಷ್ಟರಲ್ಲಿ ಮಂಗಳಾ ಮಾತಾಡಿದಳು. ಅವಳ ಧ್ವನಿ ಅಷ್ಟು ಗಟ್ಟಿ ಇದೆಯೆಂದು ನನಗೆ ಗೊತ್ತಿರಲಿಲ್ಲ. “ಇದ್ರೊಳಗೆ ಬಾಣಂತಿ ಇದಾಳೆ. ನಾನು ಇಲ್ಲಿಂದ ಕದಲಲ್ಲ.”

“ಬಾಲಿಂತನಾ?” ಯಲ್ಲಯ್ಯ ಅವಳನ್ನು ನೋಡಿದ, ಮರವನ್ನು ನೋಡಿದ, ನನ್ನನ್ನು ನೋಡಿದ. ಅವನ ಭಾಷೆಯಲ್ಲಿ ಬಾಣಂತಿಗೆ ಬಾಲಿಂತ. ಹುಡುಗಿಗೆ ಗಾಳಿ ಹಿಡಿದು ತಲೆ ಕೆಟ್ಟಿದೆ ಎಂದುಕೊಂಡನೋ ಏನೋ. ಆದರೂ ಅವನು ಕೊಡಲಿಯನ್ನು ಮುಟ್ಟಲಿಲ್ಲ. “ಯಾರಮ್ಮಾ? ಎಲ್ಲಿ?” ಎಂದು ಕೇಳಿದ. ನಾನು ಆ ಮನುಷ್ಯನಿಗೆ ಜನ್ಮಪೂರ್ತಿ ಋಣಿಯಾಗಿರುವುದು ಈ ಎರಡು ಪದಗಳಿಗಾಗಿ. ಕೆಲಸ ವಹಿಸಿದವರ ಗುರುತು ಮರದ ಮೇಲಿತ್ತು, ಬಿಸಿಲು ಏರುತ್ತಿತ್ತು, ಆಳುಗಳು ಕಾಯುತ್ತಿದ್ದರು. ಆದರೂ ನಿಂತು ಕೇಳಿದ.

ಅವಳು ಕೈ ಎತ್ತಿ ಪೊಟರೆಯ ಸೀಳು ತೋರಿಸಿದಳು. ಅಲ್ಲೇನೂ ಕಾಣಲಿಲ್ಲ. ಗಂಡು ಹಕ್ಕಿ ಆಚೆಯ ಮಾವಿನ ಕೊಂಬೆಯಲ್ಲಿ ಕೊಕ್ಕಿನ ತುದಿಗೆ ಒಂದು ಆಲದ ಹಣ್ಣು ಹಿಡಿದುಕೊಂಡು ಕೂತಿತ್ತು. ಇಷ್ಟು ಜನ ಇರುವಾಗ ಅದು ಬರುವ ಹಾಗಿರಲಿಲ್ಲ. ನಾನು ಎಲ್ಲರನ್ನೂ ಗಂಗಮ್ಮನ ಹಿತ್ತಿಲ ಜಗಲಿಗೆ ಬರಲು ಬೇಡಿಕೊಂಡೆ. ಮಂಗಳಾ ಮಾತ್ರ ಕೊಡಲಿ ತನ್ನ ಕೈಗೆ ಬರುವವರೆಗೆ ಕದಲಲಿಲ್ಲ. ಯಲ್ಲಯ್ಯ ಅದನ್ನು ತಂದು ಅವಳ ಕಾಲಬುಡದಲ್ಲಿಟ್ಟು ಹಿಂದೆ ಸರಿದ. ಅವಳು ಅದನ್ನು ಎಳೆದುಕೊಂಡೇ ಜಗಲಿಗೆ ಬಂದು, ಮಗುವನ್ನು ತೊಡೆಗೂ ಕೊಡಲಿಯನ್ನು ಪಕ್ಕಕ್ಕೂ ಇಟ್ಟುಕೊಂಡು ಕೂತಳು. ಗಂಗಮ್ಮ ಅವಳ ತಲೆಗೆ ಬಟ್ಟೆ ಬಿಗಿದು ಕಟ್ಟುತ್ತಾ ಒಂದೇ ಸಮನೆ ಬೈದರು, ಒಂದೇ ಸಮನೆ ಅತ್ತರು.

ಕಾದೆವು. ಹತ್ತು ಹನ್ನೆರಡು ಜನ ಉಸಿರು ಬಿಗಿಹಿಡಿದು ಒಂದು ಹಕ್ಕಿಯ ಕೃಪೆಗಾಗಿ ಕಾಯುವುದೆಂದರೆ ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರಕ್ಕೆ ತಿಳಿಯುವುದಿಲ್ಲ. ಹಕ್ಕಿ ಮಾವಿನಿಂದ ಹಾರಿ ಬಂತು. ಕಾಂಡಕ್ಕೆ ಅಂಟಿಕೊಂಡು, ಸೀಳಿನ ಪಕ್ಕ ಕೊಕ್ಕಿನಿಂದ ಟಕ್ ಟಕ್ ಎಂದು ಬಡಿಯಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಬಂದು ಹಣ್ಣನ್ನು ತೆಗೆದುಕೊಂಡಿತು. ಅಷ್ಟೇ. ಎರಡು ಕ್ಷಣದ ನೋಟ. ಯಲ್ಲಯ್ಯ ಜಗಲಿಯ ಅಂಚಿನಲ್ಲಿ ಕುಸಿದು ಕೂತು ತಲೆಯ ರುಮಾಲು ತೆಗೆದ. “ಅಯ್ಯಯ್ಯೋ ತಲ್ಲೀ, ಒಳಗಿಂದ ಬಾಗ್ಲು ಹಾಕ್ಕೊಂಡಿದಾಳೆ” ಎಂದ. ಅವನ ಕಣ್ಣು ತುಂಬಿತ್ತು. ಎಷ್ಟು ಮರ ಕಡಿದಿದ್ದೇನೋ ಲೆಕ್ಕವಿಲ್ಲ ಸಾರ್, ಯಾವುದರೊಳಗೂ ಯಾರಿದ್ದಾರೆಂದು ನೋಡಿರಲಿಲ್ಲ ಎಂದು ಅವನು ನನ್ನನ್ನು ನೋಡದೆ ಹೇಳಿದ. ಗಂಗಮ್ಮ ಅವರೆಲ್ಲರಿಗೂ ಮಜ್ಜಿಗೆ ಕೊಟ್ಟರು, ನನಗೆ ಮಾತ್ರ ಕೊಡುವುದನ್ನು ಮರೆತರು. ನೆನಪಿದ್ದೇ ಮರೆತರು ಎಂದು ನನಗೀಗಲೂ ಗುಮಾನಿ ಇದೆ. ನ್ಯಾಯವೇ.

ಸಾಹೇಬರ ಮುಂದೆ ಹೋಗಿ ನಾನೇ ಎಲ್ಲವನ್ನೂ ಒಪ್ಪಿಕೊಂಡೆ. ಒಪ್ಪದೆ ಇದ್ದಿದ್ದರೆ ತಪ್ಪು ಯಲ್ಲಯ್ಯನ ತಲೆಗೆ ಬರುತ್ತಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇನ್ಮೇಲೆ ಬರೀ ಗೀಟು ಹಾಕಿ. ಸಾಹಿತ್ಯ ಆಫೀಸಿನ ಹೊರಗೆ ಇಟ್ಕೊಳ್ಳಿ” ಎಂದರು. ನನ್ನ ಅಕ್ಷರದ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತ ವಿಮರ್ಶೆ ಅದು. ಸಂಜೆ ಹೋಗಿ ಉಳಿದ ಮರಗಳಿಂದ ‘ಬೇಡ’ವನ್ನೆಲ್ಲ ತೆಂಗಿನ ಗುಂಜಿನಿಂದ ಉಜ್ಜಿ ತೆಗೆದೆ. ನೇರಳೆಯ ಬುಡದ ಹತ್ತಿರ ನಿಲ್ಲಲಾಗಲಿಲ್ಲ. ಆ ವರ್ಷ ಅದು ಹೂ ಬಿಟ್ಟಿತ್ತು; ಬಿದ್ದ ಕೊಂಬೆಗಳ ಮೇಲೆ ಜೇನುಹುಳುಗಳು ಮಾರನೆಯ ದಿನವೂ ಬಂದವು. ಉಳಿದದ್ದಕ್ಕೆ ಎಷ್ಟು ಸಂತೋಷಪಟ್ಟರೂ ಹೋದದ್ದು ಹೋದದ್ದೇ. ಅದನ್ನು ಯಾವ ಲಲಿತವಾದ ಮಾತಿನಿಂದಲೂ ನನಗೆ ಹಗುರ ಮಾಡಿಕೊಳ್ಳಲಾಗಿಲ್ಲ.

ಮುಂಗಾರಿನ ಮೊದಲ ಮೋಡಗಳ ಹೊತ್ತಿಗೆ ತಾರೆ ಮರದವಳು ಗೋಡೆ ಒಡೆದು ಹೊರಗೆ ಬಂದಳು. ಹೊಸ ಗರಿ, ಕೆದರಿದ ಮೈ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೊಂಬೆಯ ಮೇಲೆ ಕೂತು, ಇದೇ ಊರೇ ಎಂಬಂತೆ ನೋಡಿದಳು. ಹಿಂದೆಯೇ ಎರಡು ಮರಿಗಳು. ಮಂಗಳಾ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದು ಅವನ್ನು ತೋರಿಸಿದಳು. ಮಗು ಎಲ್ಲ ಬಿಟ್ಟು ನನ್ನ ಪಂಚೆಯನ್ನೇ ನೋಡಿತು. ಕೆಲವು ದಿನಗಳಲ್ಲಿ ಹಕ್ಕಿಗಳು ನದಿಯ ಕಡೆ ಹೋದವು, ಮಂಗಳಾ ಮಲವಗೊಪ್ಪಕ್ಕೆ ಹೋದಳು. ಆ ಮಗು ಈಗ ಐದನೇ ತರಗತಿ. ಅಕ್ಷರ ಕಾಗೆಕಾಲು ಎಂದು ಗಂಗಮ್ಮ ಸಿಕ್ಕಾಗಲೆಲ್ಲ ನನ್ನ ಹತ್ತಿರ ದೂರುತ್ತಾರೆ, ನಾನು ಒಳಗೊಳಗೇ ನಿಟ್ಟುಸಿರು ಬಿಡುತ್ತೇನೆ.

ಯಲ್ಲಯ್ಯನಿಗೆ ಒಂದು ಒಳ್ಳೆಯ ಮಾತು ಹೇಳಬೇಕು ಎಂದು ಬಹಳ ದಿನ ಅಂದುಕೊಂಡೆ. ನಮ್ಮಲ್ಲಿ ಆ ಮಾತೇ ಇಲ್ಲ ನೋಡಿ. ‘ಧನ್ಯವಾದ’ ಎಂಬುದು ಮೈಕಿನ ಮುಂದೆ ಹಾರ ಹಾಕಿಸಿಕೊಂಡವರ ಪದ. ಓಣಿಯಲ್ಲಿ ಅದನ್ನು ಆಡಿದರೆ ಎದುರಿನವನು ಹಿಂದೆ ತಿರುಗಿ ಯಾರಿಗೆಂದು ನೋಡುತ್ತಾನೆ. ಹೀಗೆ ಪದ ಹುಡುಕುತ್ತಲೇ ಮಳೆಗಾಲ ಕಳೆಯಿತು. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾಲೋನಿಯ ಆ ತುದಿಯಲ್ಲಿ ಅವನ ಕೆಲಸ ನಡೆದಿದೆ ಎಂದು ಕೇಳಿ, ಇವತ್ತು ಏನಾದರೂ ಸರಿ ಹೇಳಿಯೇ ಬಿಡೋಣವೆಂದು ಹೋದೆ.

ಒಂದು ಹಳೆಯ ಮತ್ತಿ ಮರ, ಮೈಮೇಲೆ ಸಾಹೇಬರ ಅಪ್ಪಣೆಯ ಸಾದಾ ಗೀಟು. ಯಾವ ಸಂದೇಹಕ್ಕೂ ಎಡೆಯಿಲ್ಲದ ಗುರುತು. ಆಳುಗಳು ದೂರ ಬೀಡಿ ಸೇದುತ್ತಾ ಕೂತಿದ್ದರು. “ಮೇಸ್ತ್ರಿ ಪ್ರತಿ ಮರಕ್ಕೂ ಹಿಂಗೇ ಸಾರ್, ಕೆಲಸ ಸಾಗಲ್ಲ” ಎಂದು ಒಬ್ಬ ನನ್ನ ಹತ್ತಿರ ಗೊಣಗಿದ. ಯಲ್ಲಯ್ಯ ಕೊಡಲಿಯನ್ನು ಕೆಳಗಿಟ್ಟು, ಕಾಂಡಕ್ಕೆ ಬೆರಳ ಗಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಯನ್ನು ತೊಗಟೆಗೆ ಆನಿಸಿ ನಿಂತಿದ್ದ. ನನ್ನನ್ನು ಕಂಡು ಕೈ ಸನ್ನೆಯಿಂದ ಸುಮ್ಮನಿರಲು ಹೇಳಿದ. ನಾನು ತಂದಿದ್ದ ಮಾತನ್ನು ನುಂಗಿಕೊಂಡು ಅವನ ಪಕ್ಕ ನಿಂತೆ. ಒಳಗಿನಿಂದ ಏನೂ ಕೇಳಲಿಲ್ಲ.

“ಯಾರೂ ಇಲ್ಲ ಕಣಯ್ಯ” ಎಂದೆ.

“ಇನ್ನೊಂದ್ಸಲ ತಟ್ತೀನಿ ಇರಿ ಸಾರ್” ಎಂದ ಯಲ್ಲಯ್ಯ, ಪಿಸುಮಾತಿನಲ್ಲಿ. “ಮಲಗಿದ್ರೆ?”